ಬಾಯಿ ತೆಗೀರಿ ಸಿಸ್ಟರ್

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಆಂಧ್ರದ ಆದೋನಿಯ ಒಂದು ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಹದಿನೈದು ವರ್ಷದಿಂದ ನಾನೇ ಹೆಡ್ ಸಿಸ್ಟರ್. ಮಾತ್ರೆ ಬಿಡಬೇಡಿ, ಸುಳ್ಳು ಹೇಳಬೇಡಿ, ಹೆದರಬೇಡಿ ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ನನಗೇ ಕ್ಷಯ ಬಂದಾಗ ಮಾತ್ರೆ ಬಿಟ್ಟೆ, ಸುಳ್ಳು ಹೇಳಿದೆ, ಹೆದರಿ ಅರ್ಧ ಸತ್ತೆ. ಈ ರೋಗದಿಂದ ಗುಣವಾದವರು ಮಾತಾಡುವುದನ್ನು ಕೇಳಿದ್ದೇನೆ, ಎಲ್ಲರೂ ಧೈರ್ಯವಂತರೇ. ನನ್ನ ಹಾಗೆ ತಪ್ಪು ಮಾಡಿ ಬಾಯಿ ಮುಚ್ಚಿಕೊಂಡು ಕೂತವರೂ ಎಲ್ಲೋ ಇದ್ದೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಮ್ಮು ಶುರುವಾದದ್ದು ಹತ್ತಿಯ ಕಾಲದಲ್ಲಿ. ನಮ್ಮ ಮನೆಯವರು ಹತ್ತಿ ಮಾರುಕಟ್ಟೆಯಲ್ಲಿ ತೂಕ ಹಾಕುವವರು. ಆ ತಿಂಗಳುಗಳಲ್ಲಿ ಅವರ ಅಂಗಿ, ಮೀಸೆ, ಕಿವಿಯೊಳಗೆಲ್ಲ ಹತ್ತಿಯ ಧೂಳು. ಪ್ರತಿವರ್ಷ ಆ ಧೂಳಿಗೆ ನನಗೆ ಕೆಮ್ಮು ಬರುವುದು, ಹೋಗುವುದು ಇದ್ದದ್ದೇ. ಈ ಸಲ ಬಂದದ್ದು ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ರವಿಕೆಯ ತೋಳು ಸಡಿಲವಾಗಿತ್ತು. ಬೇರೆ ಯಾರಾದರೂ ಹೀಗೆ ನನ್ನ ಮುಂದೆ ಬಂದು ನಿಂತಿದ್ದರೆ, "ಇಷ್ಟು ದಿನ ಏನ್ ಮಾಡ್ತಿದ್ದಿ, ಮನಿಯಾಗ ಕೂತು ಎಣಿಸ್ತಿದ್ದ್ಯಾ?" ಎಂದು ಬೈದು ಕಫದ ಡಬ್ಬಿ ಕೈಗೆ ಕೊಡುತ್ತಿದ್ದೆ. ನನಗೆ ನಾನೇ ಆರು ವಾರ ಏನೂ ಹೇಳಿಕೊಳ್ಳಲಿಲ್ಲ.

ಕೊನೆಗೆ ನಮ್ಮ ಎದೆರೋಗದ ಡಾಕ್ಟರೇ ಒಂದು ದಿನ ರೌಂಡ್ಸಿನ ನಡುವೆ ನಿಂತರು. ಅವರು ಗುಂಟೂರಿನ ಕಡೆಯವರು, ಮಾತೆಲ್ಲ ತೆಲುಗು. "ಸಿಸ್ಟರ್, ಈ ದಗ್ಗು ಎಪ್ಪಟಿನುಂಚಿ?" ಎಂದು ಕೆಮ್ಮಿನ ವಿಷಯ ಕೇಳಿದರು. ಮೊನ್ನೆಯಿಂದ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಎಕ್ಸ್‌ರೇಗೆ ಬರೆದುಕೊಟ್ಟರು.

ಆಮೇಲಿನದೆಲ್ಲ ಎರಡು ದಿನದಲ್ಲಿ ಮುಗಿಯಿತು. ಕಫದಲ್ಲಿ ಕ್ಷಯ ಇತ್ತು.

ನಮ್ಮ ಆಸ್ಪತ್ರೆಯಲ್ಲಿ ಟಿಬಿ ರೂಮು ಹಿಂಭಾಗದಲ್ಲಿದೆ, ಸೈಕಲ್ ನಿಲ್ಲಿಸುವ ಶೆಡ್ಡಿನ ಪಕ್ಕ. ಹೊರಗೆ ಬೇವಿನ ಮರದ ಕೆಳಗೆ ಎರಡು ಸಿಮೆಂಟಿನ ಬೆಂಚು. ಇಷ್ಟು ವರ್ಷ ಆ ಬೆಂಚನ್ನು ದಾಟಿಕೊಂಡು ಹೋಗಿದ್ದೇನೆಯೇ ಹೊರತು ಕೂತಿರಲಿಲ್ಲ. ಅವತ್ತು ಮಾಸ್ಕ್ ಹಾಕಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತೆ. ಪಕ್ಕದಲ್ಲಿ ಕೂತಿದ್ದ ಗಂಡಸು ಎರಡು ಸಲ ನನ್ನನ್ನು ಓರೆಗಣ್ಣಿನಿಂದ ನೋಡಿ, "ಮೀರು ಸಿಸ್ಟರಮ್ಮ ಕದಾ?" ಎಂದ. ನೀವು ಸಿಸ್ಟರಮ್ಮ ಅಲ್ಲವಾ ಎಂದು ಕೇಳಿದ್ದು. ನಾನು ಅಲ್ಲ ಎಂದೆ. ಅವನು ತಲೆಯಾಡಿಸಿ ಸುಮ್ಮನಾದ. ನಾನು ಸಿಸ್ಟರೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮರ್ಯಾದೆ ಉಳಿಸಿದ, ಪುಣ್ಯಾತ್ಮ.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ತಮ್ಮ ಅಂಗಿಯನ್ನೇ ನೋಡಿಕೊಂಡರು. "ನನ್ ಬಟ್ಟಿ ಧೂಳಿಂದ ಬಂತೇನು?" ಎಂದು ಕೇಳಿದರು. ಅಲ್ಲ, ಧೂಳಿಂದ ಇದು ಬರುವುದಿಲ್ಲ ಎಂದರೂ ಅವತ್ತಿನಿಂದ ಬಾಗಿಲ ಹೊರಗೇ ಅಂಗಿ ಜಾಡಿಸಿ ಒಳಗೆ ಬರತೊಡಗಿದರು. ಕರ್ನೂಲಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನಿನಲ್ಲಿ ಈ ಸಲ ಹಬ್ಬಕ್ಕೆ ಬರಬೇಡ ಎಂದೆ. ಯಾಕೆ ಎಂದು ಅತ್ತಳು, ನಾನು ಕಾರಣ ಹೇಳಿದ ಮೇಲೆ ಇನ್ನೂ ಜೋರಾಗಿ ಅತ್ತಳು.

ಧೈರ್ಯ ಕೊಟ್ಟದ್ದು ನಮ್ಮ ಅತ್ತೆ ಹಂಪಮ್ಮ. ನಂದವರಂನ ಹೆಣ್ಣು, ಎಪ್ಪತ್ತರ ಮೇಲಿನ ವಯಸ್ಸು, ಅಕ್ಷರ ಬಾರದು. ನಾನು ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡದ್ದನ್ನು ನೋಡಿ ಕೆಂಡವಾದಳು.

"ಗ್ಲಾಸಿನಾಗ ಬರೋ ರೋಗ ಅಲ್ಲ ಅಂತ ಓಣಿ ಮಂದಿಗೆಲ್ಲ ಹೇಳ್ಕೋತ ತಿರಗಿದಾಕಿ ನೀನ. ಈಗ ನಿನ್ ಮನಿಯಾಗ ಬ್ಯಾರೆ ಗ್ಲಾಸು ಇಡ್ತಿ. ಆಗ ಸುಳ್ಳ ಹೇಳಿದ್ದ್ಯಾ, ಈಗ ಸುಳ್ಳ ಮಾಡ್ತೀಯಾ?"

ಅವಳೇ ಆ ತಟ್ಟೆ ಲೋಟ ತೊಳೆದು ಎಲ್ಲದರ ಜೊತೆ ಬೋರಲು ಹಾಕಿದಳು. ಕಿಟಕಿಗಳನ್ನೆಲ್ಲ ತೆಗೆಸಿ ನನ್ನ ಮಂಚವನ್ನು ಗಾಳಿ ಬರುವ ಕಡೆ ಎಳೆಸಿದಳು. ಓಣಿಯವರಿಗೆ ಮಾತ್ರ ನಿಮೋನಿಯಾ ಎಂದು ಹೇಳಿದಳು, ಅದೂ ಆ ಪದವನ್ನು ನನ್ನಿಂದಲೇ ನಾಲ್ಕು ಸಲ ಹೇಳಿಸಿಕೊಂಡು ಕಲಿತು.

ಇನ್ನು ನನ್ನ ತಪ್ಪಿನ ಕಥೆ.

ಕ್ಷಯದ ಮಾತ್ರೆಯನ್ನು ಒಬ್ಬರು ಎದುರಿಗೆ ನಿಂತು ನುಂಗಿಸಬೇಕು. ನುಂಗಿದ್ದನ್ನು ಕಣ್ಣಾರೆ ನೋಡಿ, ಕಾರ್ಡಿನಲ್ಲಿ ಆ ದಿನದ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಬೇಕು. ನಿಮಗೆ ಯಾರು ನಿಂತು ನುಂಗಿಸುತ್ತಾರೆ, ಹೆಸರು ಹೇಳಿ ಎಂದು ಟಿಬಿ ರೂಮಿನಲ್ಲಿ ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ ಸುಂಕಮ್ಮ ಎಂದೆ.

ಸುಂಕಮ್ಮ ನನ್ನ ವಾರ್ಡಿನ ನರ್ಸ್, ಕೋಸಗಿಯವಳು. ಅವಳ ಅಪ್ಪ ಅಮ್ಮ ಸುಗ್ಗಿ ಮುಗಿದ ಮೇಲೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗುತ್ತಾರೆ. ಇವಳು ಹಾಸ್ಟೆಲುಗಳಲ್ಲಿ ಬೆಳೆದು, ನರ್ಸಿಂಗ್ ಓದಿ, ಗುತ್ತಿಗೆಯ ಮೇಲೆ ನಮ್ಮಲ್ಲಿ ಸೇರಿದ್ದಳು. ಸೇರಿ ಒಂದೂವರೆ ವರ್ಷವಾಗಿದ್ದರೂ ನನ್ನ ಮುಂದೆ ತಲೆಯೆತ್ತಿ ಮಾತಾಡಿದವಳಲ್ಲ. ನಾನು ಕರೆದರೆ ಓಡಿ ಬರುತ್ತಿದ್ದಳು, ನಿಲ್ಲು ಎಂದರೆ ನಿಲ್ಲುತ್ತಿದ್ದಳು. ಅವಳು ಕೆಲಸದಲ್ಲಿ ಚುರುಕು, ಅದಕ್ಕೇ ಅವಳ ಹೆಸರು ಹೇಳಿದೆ ಎಂದು ಎಲ್ಲರೆದುರು ಅಂದೆ. ನಿಜ ಅದಲ್ಲ. ವಾರ್ಡಿನಲ್ಲಿ ನನ್ನನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವಳು ಅವಳು. ನನ್ನನ್ನು ನಿಂತು ನೋಡುವವರು ಯಾರಾದರೂ ಇರಲೇಬೇಕು ಎಂದಾದರೆ, ನೋಡಲು ಧೈರ್ಯವಿಲ್ಲದವಳೇ ಇರಲಿ ಎಂದು ಒಳಗೊಳಗೇ ಅನಿಸಿತ್ತು.

ನನ್ನ ಶಿಸ್ತಿನ ವಿಷಯವನ್ನೂ ಇಲ್ಲೇ ಹೇಳಬೇಕು. ಮದ್ದಿಕೇರದಲ್ಲಿ ಹೊಲ ಮಾಡಿಕೊಂಡಿದ್ದ ಮನೆಯಿಂದ ಬಂದವಳು ನಾನು, ಓದಿ ಮೇಲೆ ಬಂದವಳು, ಸಡಿಲು ಕೆಲಸ ಕಂಡರೆ ಮೈ ಉರಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಬಂದ ಕೂಡಲೇ ಎಲ್ಲ ಹಾಸಿಗೆಯ ಚಾರ್ಟುಗಳನ್ನು ಮೇಜಿನ ಮೇಲೆ ತರಿಸುತ್ತಿದ್ದೆ. ಜ್ವರ, ನಾಡಿ, ಬಿಪಿ, ಯಾವ ಚೌಕವೂ ಖಾಲಿ ಇರಕೂಡದು. ಖಾಲಿ ಕಂಡರೆ ರೋಗಿಗಳ ಮುಂದೆಯೇ ಬೈಗುಳ. ಎರಡನೇ ಸಲ ಕಂಡರೆ ಮೆಮೊ. ನಮ್ಮ ವಾರ್ಡಿನ ಚಾರ್ಟು ನೋಡಿ ಬೇರೆ ವಾರ್ಡಿನವರು ಕಲಿಯಬೇಕು ಎಂದು ಮೇಲಿನವರು ಹೇಳಿದ್ದರು. ನನಗೆ ಅದರ ಹೆಮ್ಮೆ ಸ್ವಲ್ಪವಲ್ಲ.

ಮೊದಲ ಮೂರು ವಾರ ರಜೆ. ಸುಂಕಮ್ಮ ಡ್ಯೂಟಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದು ಮಾತ್ರೆ ಕೊಡುವಳು. ಮೂರು ಮಾತ್ರೆ, ಇಟ್ಟಿಗೆ ಬಣ್ಣ, ದೊಡ್ಡವು. ಮೊದಲ ವಾರ ನೆಟ್ಟಗೆ ನುಂಗಿದೆ. ಮೂತ್ರ ಕೆಂಪಗೆ ಹೋಗುತ್ತದೆ, ಅದು ಮಾತ್ರೆಯ ಬಣ್ಣ, ಹೆದರಬೇಡಿ ಎಂದು ಮನೆಯವರಿಗೆ ಹೇಳಿಟ್ಟಿದ್ದೆ. ಎರಡನೇ ವಾರ ವಾಂತಿ ಹತ್ತಿತು. ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳಸಿ, ಕರುಳೇ ಕಿತ್ತು ಬಂದಂತೆ ವಾಂತಿ. ಒಂದು ದಿನ ಸುಂಕಮ್ಮ ಇನ್ನೂ ಇದ್ದಾಗಲೇ ಬಂತು. ಹಿತ್ತಲಿನ ಬಚ್ಚಲಿಗೆ ಓಡುವಷ್ಟರಲ್ಲಿ ಸೀರೆಯ ಮೇಲೆಲ್ಲ ಆಯಿತು. ಅವಳು ಓಡಿಬಂದು ನನ್ನ ಬೆನ್ನು ಸವರಿ, ಮೂಗು ಬಾಯಿ ಒರೆಸಿದಳು.

ನನಗೆ ಸಾಯುವಷ್ಟು ಅವಮಾನವಾಯಿತು. ನಿನ್ನೆಯವರೆಗೆ ನನ್ನನ್ನು ಕಂಡು ನಡುಗುತ್ತಿದ್ದ ಹುಡುಗಿ ನನ್ನ ವಾಂತಿ ಬಾಚುತ್ತಿದ್ದಾಳೆ, ನಾಳೆ ವಾರ್ಡಿನಲ್ಲಿ ಇದನ್ನೇ ಹೇಳುತ್ತಾಳೆ, ನಗುತ್ತಾರೆ. ಹೀಗೇ ಯೋಚನೆ ಓಡಿತು. ಮರುದಿನ ಅವಳು ಬಂದಾಗ ನನ್ನ ವಾರ್ಡಿನ ದನಿಯಲ್ಲೇ ಹೇಳಿದೆ.

"ಅಲ್ಲಿ ಇಟ್ಟು ಹೋಗು. ನಾಷ್ಟಾ ಆದ್ ಮ್ಯಾಲೆ ತಗೋತೀನಿ."

"ನುಂಗೋದು ನೋಡ್ಬೇಕಂತ್ರಿ ಸಿಸ್ಟರ್..."

"ನನಗ ಕಲಿಸ್ತೀಯಾ? ಕಾರ್ಡಿನ್ಯಾಗ ಬರದು ಹೋಗು. ಖಾಲಿ ಬಿಡಬ್ಯಾಡ."

ಅವಳು ಬರೆದು ಹೋದಳು. ಮಾತ್ರೆ ಕಿಟಕಿಯ ಮೇಲೆ ಹಾಗೇ ಇತ್ತು. ಮಧ್ಯಾಹ್ನ ನುಂಗೋಣ ಎಂದುಕೊಂಡೆ. ಮಧ್ಯಾಹ್ನ ಆ ಬಣ್ಣ ನೋಡಿದರೇ ಹೊಟ್ಟೆ ತಿರುಗಿತು. ಒಂದನ್ನು ನುಂಗಿ ಎರಡನ್ನು ಬಚ್ಚಲಿಗೆ ಹಾಕಿದೆ. ನಾಳೆಯಿಂದ ಸರಿಯಾಗಿ, ಎಂದೆ. ಆ ನಾಳೆ ಬರಲೇ ಇಲ್ಲ ಎಂದಲ್ಲ, ಒಮ್ಮೊಮ್ಮೆ ಬರುತ್ತಿತ್ತು. ನಾಲ್ಕು ದಿನ ನುಂಗುವುದು, ಮೂರು ದಿನ ಬಿಡುವುದು. ಬಿಟ್ಟ ದಿನ ಹೊಟ್ಟೆ ಹಗುರ, ಅನ್ನ ಸೇರುತ್ತಿತ್ತು. ಅಷ್ಟರಲ್ಲಿ ಕೆಮ್ಮೂ ಕಡಿಮೆಯಾಯಿತು, ಜ್ವರ ಹೋಯಿತು. ಆರಾಮಾಯಿತು ಎಂದು ಮಾತ್ರೆ ಬಿಡುವವರನ್ನು ನಾನು ಎಷ್ಟು ಬೈದಿಲ್ಲ! ಮೂತ್ರದ ಬಣ್ಣ ಕೇಳಿಯೇ ಕಳ್ಳರನ್ನು ಹಿಡಿಯುತ್ತಿದ್ದೆ. ಈಗ ನಮ್ಮತ್ತೆ ದಿನಾ ಬಚ್ಚಲ ಬಾಗಿಲಲ್ಲಿ ನಿಂತು, "ಇವತ್ತ ಕೆಂಪ ಬಂತೇನವ್ವಾ?" ಎಂದು ಮುಗ್ಧವಾಗಿ ಕೇಳುವಳು. ಬಂತು ಅತ್ತಿ, ಎನ್ನುತ್ತಿದ್ದೆ ನಾನು.

ಮೂರು ವಾರದ ಮೇಲೆ ಡ್ಯೂಟಿಗೆ ಹೋದೆ. ಈಗ ಡ್ಯೂಟಿ ರೂಮಿನಲ್ಲೇ ಸುಂಕಮ್ಮ ಮಾತ್ರೆ ತಂದು ಮೇಜಿನ ಮೇಲಿಡುವಳು, ಗುರುತು ಹಾಕುವಳು, ನನ್ನ ಮುಖ ನೋಡದೆ ಹೊರಗೆ ಹೋಗುವಳು. ಕಾರ್ಡು ಎಷ್ಟು ಚೆನ್ನಾಗಿತ್ತು ಎಂದರೆ, ಒಂದು ಚೌಕವೂ ಖಾಲಿ ಇಲ್ಲ, ಎಲ್ಲ ಗುರುತೂ ಒಂದೇ ಅಳತೆ, ಕೆಳಗೆ ಮುದ್ದಾದ ಸಹಿ. ನನ್ನ ಕೈಯಲ್ಲಿ ತಯಾರಾದ ಹುಡುಗಿ ತಾನೆ.

ಎರಡು ತಿಂಗಳು ತುಂಬಿದಾಗ ಕಫ ಮತ್ತೆ ಪರೀಕ್ಷೆ ಮಾಡುತ್ತಾರೆ. ಅವತ್ತು ಬೆಳಿಗ್ಗೆ ಡಬ್ಬಿ ತುಂಬಿ ಕೊಟ್ಟೆ. ಮಧ್ಯಾಹ್ನ ಡಾಕ್ಟರು ತಮ್ಮ ರೂಮಿಗೆ ಕರೆಸಿದರು. ಬಾಗಿಲು ಹಾಕಿಕೊಳ್ಳಿ ಎಂದರು. ಅವರು ಬಾಗಿಲು ಹಾಕಿಸುವವರ ಪೈಕಿ ಅಲ್ಲ.

ಕಫದಲ್ಲಿ ರೋಗ ಇನ್ನೂ ಇತ್ತು.

ಅವರು ನನ್ನ ಕಾರ್ಡನ್ನು ಮುಂದಿಟ್ಟುಕೊಂಡು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಒಂದು ದಿನವೂ ತಪ್ಪಿಲ್ಲ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಇಷ್ಟು ಸರಿಯಾಗಿ ತೆಗೆದುಕೊಂಡರೂ ಹೋಗಿಲ್ಲ ಎಂದರೆ ಈ ಔಷಧಿಗೆ ಜಗ್ಗದ ಜಾತಿಯ ಕ್ಷಯ ಇರಬಹುದು. ಹಾಗಿದ್ದರೆ ಬೇರೆ ಔಷಧಿ, ಹೆಚ್ಚು ಕಾಲ, ಹೆಚ್ಚು ಕಷ್ಟ. ಕಫವನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ, ಉತ್ತರ ಬರುವವರೆಗೆ ಮನೆಯಲ್ಲಿರಿ.

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂತು ಕೂಡ. ಅವರು 'ನಂಬಿಕೆ' ಎಂದ ಮೇಲೆ ನಾಲಿಗೆ ಏಳಲಿಲ್ಲ. ಸರಿ ಸಾರ್ ಎಂದು ಎದ್ದು ಬಂದೆ.

ಅರ್ಧಂಬರ್ಧ ನುಂಗಿದರೆ ರೋಗ ಔಷಧಿಗೆ ಒಗ್ಗಿ ಬಲಿಯುತ್ತದೆ ಎನ್ನುವುದು ನನಗೆ ಗೊತ್ತು, ಅದನ್ನು ಜನರಿಗೆ ಹೇಳಿಕೊಟ್ಟು ಸಂಬಳ ತಿಂದವಳು ನಾನು. ಮೊದಲು ಬಂದದ್ದು ಸಾಧಾರಣ ಕ್ಷಯವೇ ಇರಬೇಕು. ಅದನ್ನು ಬೇರೆ ಮಾಡಿದ್ದು ನಾನೇನಾ? ಆ ಮೂರು ವಾರದ ಮೇಲೆ ವಾರ್ಡಿನಲ್ಲಿ ಯಾರ ಯಾರ ಹತ್ತಿರ ನಿಂತು ಮಾತಾಡಿದೆ? ಮಾಸ್ಕ್ ಇತ್ತು, ನಿಜ. ಆದರೆ ಯಾರಾದರೂ ಸಣ್ಣ ದನಿಯಲ್ಲಿ ಮಾತಾಡುವ ಮುದುಕಿ ಕಂಡರೆ ಬಾಗಿ ಕಿವಿಗೊಡುವ ಅಭ್ಯಾಸ ನನಗೆ. ನಮ್ಮತ್ತೆ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಮೂರು ಸಲ ಕೆಮ್ಮಿದಳು, ನಾನು ಎದ್ದು ಹೋಗಿ ಹಣೆ ಮುಟ್ಟಿ ನೋಡಿದೆ.

"ಒಗ್ಗರಣಿ ಘಾಟು, ಸಾಯಾಂಗಿಲ್ಲ ಬಿಡವ್ವಾ," ಎಂದಳು ಮುದುಕಿ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾಲ್ಕನೇ ದಿನ ಟಿಬಿ ರೂಮಿನಿಂದ ಕರೆ ಬಂತು. ಮೇಲಿಂದ ಸೂಪರ್‌ವೈಸರ್ ಬಂದಿದ್ದಾರೆ, ನಿಮ್ಮ ಕಾರ್ಡಿನ ಬಗ್ಗೆ ಕೇಳಬೇಕಂತೆ ಎಂದರು. ಹೋದೆ. ಬೇವಿನ ಮರದ ಕೆಳಗೆ ಅದೇ ಸಿಮೆಂಟಿನ ಬೆಂಚು. ಬಾಗಿಲು ತೆರೆದೇ ಇತ್ತು, ಒಳಗಿನದೆಲ್ಲ ನನಗೆ ಕಾಣುತ್ತಿತ್ತು, ಕೇಳುತ್ತಿತ್ತು. ಮೇಜಿನ ಹಿಂದೆ ನಮ್ಮ ಡಾಕ್ಟರು, ಪಕ್ಕದಲ್ಲಿ ಕನ್ನಡಕದ ಸೂಪರ್‌ವೈಸರ್, ಎದುರಿಗೆ ಸುಂಕಮ್ಮ ನಿಂತಿದ್ದಳು. ಅವಳ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದವು.

ಸೂಪರ್‌ವೈಸರ್ ಜೋರು ಮಾಡುವ ಮನುಷ್ಯನಲ್ಲ. ಮೆಲ್ಲಗೆ ಕೇಳಿದರು. "ಆಮೆ ಮಾತ್ರಲು ಮಿಂಗೇಟಪ್ಪುಡು ನುವ್ವು ಚೂಸಿನಾವಾಮ್ಮಾ?" ಆಕೆ ಮಾತ್ರೆ ನುಂಗುವಾಗ ನೀನು ನೋಡಿದ್ದೀಯೇನಮ್ಮಾ ಎಂದು.

ಸುಂಕಮ್ಮ ತಲೆಯೆತ್ತದೆ ಹೇಳಿದಳು. "ಚೂಸಿನಾ ಸಾರ್."

"ಪ್ರತಿ ರೋಜೂ?"

"ಪ್ರತಿ ರೋಜೂ ಸಾರ್."

ದಿನಾ ನೋಡಿದೆ ಎಂದಳು. ಅವಳು ಹೇಳಿದ ಆ ರೀತಿ, ಗಲ್ಲ ಎದೆಗೆ ತಾಗಿಸಿಕೊಂಡು, ತಡವಿಲ್ಲದೆ, ದನಿಯೇ ಇಲ್ಲದೆ. ಅದನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲೋ ಏನು, ದಿನಾ ಬೆಳಿಗ್ಗೆ ಎಂಟಕ್ಕೆ ಕೇಳುತ್ತಿದ್ದೆ. ಹನ್ನೊಂದನೇ ಬೆಡ್ಡಿನ ಬಿಪಿ ನೋಡಿದ್ದೀಯಾ? ನೋಡೀನ್ರಿ ಸಿಸ್ಟರ್. ಎರಡು ಗಂಟೆಯ ಜ್ವರ ನೋಡಿದ್ದೀಯಾ? ನೋಡೀನ್ರಿ. ಇದೇ ಗಲ್ಲ, ಇದೇ ದನಿ. ಸುಂಕಮ್ಮ ಒಬ್ಬಳೇ ಅಲ್ಲ, ಎಲ್ಲರದೂ.

ಮೂವತ್ತು ಹಾಸಿಗೆಗೆ ಇಬ್ಬರು ಹುಡುಗಿಯರು. ಒಬ್ಬಳು ಹೆರಿಗೆ ವಾರ್ಡಿಗೆ ಸಹಾಯಕ್ಕೆ ಹೋದರೆ ಉಳಿಯುವುದು ಒಬ್ಬಳೇ. ಅಷ್ಟು ಚೌಕಗಳನ್ನು ಹೊತ್ತುಹೊತ್ತಿಗೆ ನಿಜವಾಗಿ ತುಂಬಲು ಆಗುತ್ತದೆಯೇ ಎಂದು ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಖಾಲಿ ಇದ್ದರೆ ಬೈದೆ, ತುಂಬಿದ್ದರೆ ಬೈಯಲಿಲ್ಲ. ಅವರು ತುಂಬಿಸಿದರು. ಅದರಲ್ಲಿ ಎಷ್ಟು ನೋಡಿ ಬರೆದದ್ದು, ಎಷ್ಟು ನನ್ನ ಬಾಯಿಗೆ ಹೆದರಿ ಬರೆದದ್ದು? ಯಾವ ಹೆಂಗಸಿಗೆ ಏನಾಗಿ ಹೋಗಿರಬಹುದು, ನನಗೆ ತಿಳಿಯದ ಹಾಗೆ? ನನ್ನ ರೋಗದ ಹೆದರಿಕೆ ಆ ಹೆದರಿಕೆಯ ಮುಂದೆ ಸಣ್ಣದಾಯಿತು.

ಇಲ್ಲಿ ಇನ್ನೊಂದೂ ಇತ್ತು. ರೋಗಿ ಸುಳ್ಳು ಹೇಳಿದರೆ ಬೈಸಿಕೊಳ್ಳುತ್ತಾಳೆ, ಅಷ್ಟೆ. ನೋಡದೆ ಸಹಿ ಹಾಕಿದ ಗುತ್ತಿಗೆ ನರ್ಸು ಮನೆಗೆ ಹೋಗುತ್ತಾಳೆ. ಅದು ಸುಂಕಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡದೆ ನಿಂತಿದ್ದಳು.

ಎದ್ದು ಬಾಗಿಲಿಗೆ ಹೋದೆ. ಚೌಕಟ್ಟು ಹಿಡಿದುಕೊಂಡೆ.

"ಆಕಿ ನೋಡಿಲ್ರಿ ಸಾರ್. ನಾ ನೋಡಗೊಟ್ಟಿಲ್ಲ. ಅರ್ಧಕ್ಕರ್ಧ ಮಾತ್ರಿ ನಾ ನುಂಗೇ ಇಲ್ಲ."

ತೆಲುಗಿನವರ ಮುಂದೆ ಕನ್ನಡ ಬಂದುಬಿಟ್ಟಿತ್ತು. ಮತ್ತೆ ತೆಲುಗಿನಲ್ಲಿ ಎಲ್ಲ ಹೇಳಿದೆ. ವಾಂತಿಯಿಂದ ಹಿಡಿದು ಬಚ್ಚಲಿನವರೆಗೆ, ಬರಿ ಎಂದು ಬರೆಸಿದ್ದು ನಾನೇ ಎನ್ನುವುದರವರೆಗೆ. ಸುಂಕಮ್ಮ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ಡಾಕ್ಟರು ನನ್ನ ಕಾರ್ಡನ್ನು ಮಡಚಿಟ್ಟರು. ಆಮೇಲೆ, "ಮೀರು ಕೂಡಾನಾ ಸಿಸ್ಟರ್?" ಎಂದರು. ನೀವೂನಾ, ಅಷ್ಟೇ. ಅವರು ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ನನ್ನಿಂದ ಬರಹದಲ್ಲಿ ಉತ್ತರ ಕೇಳಿದರು, ಕೊಟ್ಟೆ. ಎಷ್ಟೋ ಮೆಮೊ ಬರೆದ ಕೈಯಲ್ಲಿ ನನ್ನ ತಪ್ಪು ನಾನೇ ಬರೆದೆ, ಸುಂಕಮ್ಮನ ಮೇಲೆ ಏನೂ ಬರದ ಹಾಗೆ ಬರೆದೆ. ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ವಾರ್ಡಿನ ಎಲ್ಲ ಹುಡುಗಿಯರಿಗೂ ನಮ್ಮ ಮನೆಯಲ್ಲಿದ್ದ ಎಲ್ಲರಿಗೂ ಎಕ್ಸ್‌ರೇ ತೆಗೆಸಿದರು, ಆ ಅವಧಿಯಲ್ಲಿ ವಾರ್ಡಿನಲ್ಲಿದ್ದ ಹೆಂಗಸರನ್ನೂ ಹುಡುಕಿ ಕರೆಸಿದರು. ಒಂದೊಂದು ಫಿಲಂ ಬೆಳಕಿಗೆ ಹಿಡಿದಾಗಲೂ ನಾನು ಹೊರಗೆ ಬೆಂಚಿನ ಮೇಲೆ ಸತ್ತು ಹುಟ್ಟಿದೆ. ಯಾರಿಗೂ ಏನೂ ಇರಲಿಲ್ಲ.

ನಮ್ಮತ್ತೆಗೂ ಹೇಳಲೇಬೇಕಾಯಿತು.

"ದಿನಾ ಕೇಳ್ತಿದ್ದೆ ನಾ. ಬಾಗಿಲಾಗ ನಿಂತು ಹುಚ್ಚಿ ಹಂಗ ಕೇಳ್ತಿದ್ದೆ," ಎಂದಳು. ಆಮೇಲೆ, "ವಾಂತಿ ಆಗ್ತಿತ್ತಂದ್ರ ನನಗ ಹೇಳಬಾರ್ದೇನ? ನಾ ಏನು ನಿನ್ ಕೈ ಕೆಳಗಿನ ನರ್ಸೇನು, ಹೆದ್ರಾಕ?" ಎಂದು ಎದ್ದು ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಮಾತ್ರ ತಟ್ಟೆ ಕುಕ್ಕಿ ಇಡುತ್ತಿದ್ದಳು.

ಲ್ಯಾಬಿನ ಉತ್ತರ ಒಂಬತ್ತನೇ ದಿನ ಬಂತು. ಡಾಕ್ಟರೇ ಫೋನ್ ಮಾಡಿದರು. ಫೋನು ಹಿಡಿಯಲು ನನಗೆ ಧೈರ್ಯ ಬಾರದೆ ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ಹೂಂ, ಹೂಂ ಎನ್ನುತ್ತ ನಿಂತರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ, ಅವರ ಮುಖವೇ ಹಾಗೆ. ಫೋನಿಟ್ಟು ಮೂಗು ಒರೆಸಿಕೊಂಡು ಹೇಳಿದರು.

"ಅದ ಮಾತ್ರಿ ಕೆಲ್ಸಾ ಮಾಡ್ತಾವಂತ. ನುಂಗಿದ್ರ."

ಕೆಟ್ಟಿರಲಿಲ್ಲ. ನಾನು ಕೆಡಿಸಿರಲಿಲ್ಲ. ಅದೃಷ್ಟ, ಅಷ್ಟೇ, ನನ್ನ ಜಾಣತನ ಅದರಲ್ಲಿ ಏನೂ ಇಲ್ಲ. ಹಳೆಯದನ್ನೆಲ್ಲ ಬಿಟ್ಟು ಮೊದಲನೇ ದಿನದಿಂದ ಮತ್ತೆ ಶುರು ಎಂದರು. ವಾಂತಿಗೆ ಬೇರೆ ಮಾತ್ರೆ ಬರೆದುಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರು. ನಾನು ಅದನ್ನು ಎಷ್ಟು ಜನರಿಗೆ ಕೊಡಿಸಿದ್ದೇನೆ.

ಯಾರು ನುಂಗಿಸುತ್ತಾರೆ ಎಂದು ಮತ್ತೆ ಕೇಳಿದರು. ಬೇರೆ ಯಾರಾದರೂ ಹಿರಿಯರ ಹೆಸರು ಹೇಳುತ್ತೇನೆ ಎಂದುಕೊಂಡಿದ್ದರು. ಸುಂಕಮ್ಮ ಒಪ್ಪಿದರೆ ಅವಳೇ, ಎಂದೆ. ಒಪ್ಪುತ್ತಾಳೆ ಎನ್ನುವ ನಂಬಿಕೆ ನನಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಬಂದಳು. ನಮ್ಮತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದವಳು ಕೈ ನಿಲ್ಲಿಸಿ ನೋಡುತ್ತಿದ್ದಳು. ಸುಂಕಮ್ಮ ಮಾತ್ರೆ ನನ್ನ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟಳು. ನಾನು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದೆ. ಅವಳು ಕಾರ್ಡು ತೆಗೆಯಲಿಲ್ಲ. ಬ್ಯಾಗಿನಿಂದ ಟಾರ್ಚು ತೆಗೆದಳು. ಬೆಳಕು ನನ್ನ ಮೂಗಿನ ಮೇಲೆ, ಗಲ್ಲದ ಮೇಲೆ ಓಡಾಡಿತು.

"ಬಾಯಿ ತೆಗೀರಿ ಸಿಸ್ಟರ್."

ದೇವರಾಣೆಗೂ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಅಷ್ಟೆಲ್ಲ ಆದ ಮೇಲೂ ಬಂತು. "ಏನಂದಿ?" ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನಮ್ಮತ್ತೆ ಶೇಂಗಾದ ಮೊರವನ್ನು ಕೆಳಗಿಟ್ಟಳು. ಸುಂಕಮ್ಮ ಆ ಒಂದು ಹೆಜ್ಜೆಯನ್ನು ಮತ್ತೆ ಮುಂದಿಟ್ಟಳು.

"ಬಾಯಿ ತೆಗೀರಿ. ನಾಲಿಗಿ ಮ್ಯಾಲೆತ್ತರಿ."

ತೆಗೆದೆ. ಅವಳು ಬಾಗಿ ಬೆಳಕು ಬಿಟ್ಟು ಎಡಗಡೆ, ಬಲಗಡೆ, ನಾಲಿಗೆಯ ಕೆಳಗೆ ನೋಡಿದಳು. ಆತುರ ಮಾಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಾಯಿ ತೆರೆದೇ ಇದ್ದುದರಿಂದ ಅಳುವುದಕ್ಕೂ ಆಗಲಿಲ್ಲ. ಅವಳು ನೆಟ್ಟಗೆ ನಿಂತು ಕಾರ್ಡು ತೆಗೆದು ಒಂದು ಗುರುತು ಹಾಕಿದಳು. ವಾಂತಿ ಬಂದರೆ ಇರಲಿ ಎಂದು ಅರ್ಧ ಗಂಟೆ ನನ್ನ ಪಕ್ಕದಲ್ಲೇ ಕೂತಳು. ನಮ್ಮತ್ತೆ ಅವಳ ಕೈಗೆ ಒಂದು ಹಿಡಿ ಶೇಂಗಾ ಕೊಟ್ಟು, "ನಾಳಿನೂ ಹಿಂಗ ನೋಡವ್ವಾ, ಬಿಡಬ್ಯಾಡ ಈಕಿನ್ನ," ಎಂದಳು. ಆ ದಿನದಿಂದ ನನ್ನ ಜೊತೆಗೂ ಮಾತು ಶುರು ಮಾಡಿದಳು.

ಒಂದು ದಿನವೂ ತಪ್ಪದೆ ನಡೆಯಿತು. ಎರಡು ತಿಂಗಳಿಗೆ ಕಫ ಸ್ವಚ್ಛವಾಯಿತು. ಮಗಳು ಊರಿಗೆ ಬಂದು ನನ್ನ ತೊಡೆಯ ಮೇಲೆ ಮಲಗಿದಳು. ಉಳಿದ ನಾಲ್ಕು ತಿಂಗಳೂ ಮುಗಿದವು. ಈಗ ಆರೋಗ್ಯವಾಗಿದ್ದೇನೆ, ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು ಬರುತ್ತದೆ, ಅಷ್ಟೆ. ನೀವು ಮಾತ್ರೆ ಬಚ್ಚಲಿಗೆ ಹಾಕುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ. ಬೈಸಿಕೊಳ್ಳುವುದು ಒಂದು ದಿನದ ಮಾತು. ಹೇಳದೆ ಕಾಯುವುದು ಹೇಗಿರುತ್ತದೆ ಎಂದು ನನ್ನನ್ನು ಕೇಳಿ.

ವಾರ್ಡಿಗೆ ಹಿಂತಿರುಗಿದ ಮೇಲಿನ ಮಾತು ಒಂದಿದೆ. ನಾನು ಈಗ ಎಂಟಕ್ಕೆ ಚಾರ್ಟುಗಳನ್ನು ಮೇಜಿಗೆ ತರಿಸುವುದಿಲ್ಲ, ಹುಡುಗಿಯರ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತೇನೆ. ನೋಡಲಾಗದಿದ್ದರೆ ಖಾಲಿ ಬಿಡಿ ಎಂದು ಮೊದಲ ದಿನವೇ ಹೇಳಿದೆ. ಯಾರೂ ನಂಬಲಿಲ್ಲ, ಚಾರ್ಟುಗಳು ಮೊದಲಿನಂತೆ ತುಂಬಿಯೇ ಬರುತ್ತಿದ್ದವು. ಹದಿನೈದು ವರ್ಷ ಕಲಿಸಿದ ಹೆದರಿಕೆ ಒಂದು ಮಾತಿಗೆ ಹೋಗುವುದಿಲ್ಲ.

ಮೂರನೇ ವಾರ ಒಂದು ಬೆಳಿಗ್ಗೆ ಏಳನೇ ಬೆಡ್ಡಿನ ಹತ್ತಿರ ಸುಂಕಮ್ಮ ನಿಂತುಬಿಟ್ಟಳು. ಹಿಂದಿನ ದಿನ ಗರ್ಭಕೋಶದ ಆಪರೇಷನ್ ಆಗಿದ್ದ ಹೆಂಗಸು ಅಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಚಾರ್ಟಿನಲ್ಲಿ ಆರು ಗಂಟೆಯ ಚೌಕ ಖಾಲಿ ಇತ್ತು.

"ಆರಕ್ಕ ಬಿಪಿ ನೋಡಿಲ್ರಿ ಸಿಸ್ಟರ್. ಒಬ್ಬಾಕಿನ ಇದ್ದೆ, ಆಗ್ಲಿಲ್ಲ," ಎಂದಳು. ತಲೆ ಎತ್ತಿಯೇ ಹೇಳಿದಳು.

"ಪಟ್ಟಿ ತಗೊಂಡ್ ಬಾ, ಇಬ್ರೂ ನೋಡೋಣು," ಎಂದೆ. ಅವಳು ತೋಳಿಗೆ ಪಟ್ಟಿ ಸುತ್ತಿದಳು, ನಾನು ಸ್ಟೆತೋಸ್ಕೋಪು ಕಿವಿಗೆ ಹಚ್ಚಿಕೊಂಡೆ. ಪಾದರಸ ಇಳಿಯುತ್ತ ಹೋಯಿತು. ನೂರು ದಾಟಿ ಇಳಿಯಿತು, ತೊಂಬತ್ತು ದಾಟಿ ಇಳಿಯಿತು, ಸದ್ದೇ ಇಲ್ಲ. ಎಂಬತ್ತರ ಹತ್ತಿರ ಕೇಳಿಸಿತು, ಬಿಪಿ ಅಷ್ಟು ಬಿದ್ದಿತ್ತು. ಹೊದಿಕೆ ಸರಿಸಿದೆ, ಕೆಳಗಿನ ಬಟ್ಟೆಯೆಲ್ಲ ರಕ್ತ. ಸುಂಕಮ್ಮ ಆಗಲೇ ಡಾಕ್ಟರನ್ನು ಕರೆಯಲು ಓಡಿದ್ದಳು. ಅರ್ಧ ಗಂಟೆಯಲ್ಲಿ ಆ ಹೆಂಗಸು ಮತ್ತೆ ಥಿಯೇಟರಿನಲ್ಲಿದ್ದಳು, ಸಂಜೆ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದಳು.

ಆಮೇಲೆ ಒಬ್ಬಳೇ ಕೂತಾಗ ಆ ಚಾರ್ಟನ್ನು ತೆಗೆದು ನೋಡಿದೆ. ಹಿಂದಿನ ಎಲ್ಲ ಚೌಕಗಳಲ್ಲೂ ಆರೋಗ್ಯವಂತರ ಬಿಪಿಯೇ, ನೂರಾ ಇಪ್ಪತ್ತು, ಎಂಬತ್ತು ಎಂದು ನೀಟಾಗಿ ಇತ್ತು. ಅವತ್ತು ಸುಂಕಮ್ಮ ಹೆದರಿದ್ದರೆ ಆರು ಗಂಟೆಯ ಚೌಕದಲ್ಲೂ ಅದನ್ನೇ ಬರೆದಿರುತ್ತಿದ್ದಳು, ನಾನೂ ಅದರ ಕೆಳಗೆ ಸಹಿ ಹಾಕಿ ಎಂಟನೇ ಬೆ‌ಡ್ಡಿಗೆ ಹೋಗಿರುತ್ತಿದ್ದೆ.